ನೀರು ಕೈಕೊಟ್ಟಾಗ ಅಕ್ವೇರಿಯಂ ಮೀನು: ಯಾವ ಚಿಕಿತ್ಸೆ, ಎಷ್ಟು ಅವಸರ?

ಏಪ್ರಿಲ್ ಕೊನೆಯಾಗುತ್ತ ಬಂದರೆ ಮಂಗಳೂರು, ಉಡುಪಿಯಲ್ಲಿ ಅಕ್ವೇರಿಯಂ ಇಟ್ಟುಕೊಂಡವರ ಫೋನು ಶುರುವಾಗುತ್ತದೆ. ನಿನ್ನೆ ನೀರು ಬದಲಿಸಿದೆವು, ಇವತ್ತು ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ, ಏನು ಮಾಡುವುದು? ಅಷ್ಟರಲ್ಲಿ ಅವರಿಗೆ ಸಲಹೆಗಳೂ ಬಂದು ಬಿದ್ದಿರುತ್ತವೆ. ಪಕ್ಕದ ಮನೆಯವರು ಉಪ್ಪು ಹಾಕಿ ಎಂದಿರುತ್ತಾರೆ, ಅಂಗಡಿಯವರು ನೀಲಿ ಔಷಧ ಕೊಟ್ಟಿರುತ್ತಾರೆ, ಅಣ್ಣನೋ ತಮ್ಮನೋ ಇರುವ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬಿಸಲು ಹೊರಟಿರುತ್ತಾನೆ, ಹಿರಿಯರು ಮುಟ್ಟಬೇಡಿ, ತಾನಾಗಿ ಸರಿಹೋಗುತ್ತದೆ ಎನ್ನುತ್ತಿರುತ್ತಾರೆ. ಈ ಎಲ್ಲ ಸಲಹೆಗಳೂ ಒಂದೊಂದು ಸಂದರ್ಭದಲ್ಲಿ ಸರಿಯೇ. ಸಂದರ್ಭ ತಪ್ಪಿದರೆ, ಬದುಕಬೇಕಾಗಿದ್ದ ಮೀನನ್ನು ಚಿಕಿತ್ಸೆಯೇ ಕೊಲ್ಲುತ್ತದೆ. ಯಾವ ದಾರಿ ಯಾವಾಗ ಹಿಡಿಯಬೇಕು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕರಾವಳಿಯಲ್ಲಿ ಈ ತೊಂದರೆ ಮತ್ತೆ ಮತ್ತೆ ಬರುವುದಕ್ಕೆ ಕಾರಣವಿದೆ. ಇಲ್ಲಿ ಒಂದೇ ಮನೆಗೆ ಒಂದೇ ವರ್ಷದಲ್ಲಿ ಮೂರು ನಾಲ್ಕು ಬಗೆಯ ನೀರು ಬರುತ್ತದೆ. ಮಂಗಳೂರಿನ ನಳ್ಳಿ ನೀರು ತುಂಬೆ ಅಣೆಕಟ್ಟಿನಿಂದ ಬರುವ ನೇತ್ರಾವತಿಯದ್ದು, ಉಡುಪಿಯದ್ದು ಬಜೆಯಿಂದ ಬರುವ ಸ್ವರ್ಣೆಯದ್ದು. ಎರಡಕ್ಕೂ ಕ್ಲೋರಿನ್ ಸೇರಿರುತ್ತದೆ. 2019ರಲ್ಲಿ, ಮತ್ತೆ 2023ರಲ್ಲಿ ಆದಂತೆ ಬೇಸಿಗೆಯಲ್ಲಿ ನದಿ ಸೊರಗಿದರೆ ರೇಷನಿಂಗ್ ಬರುತ್ತದೆ, ಅದರ ಹಿಂದೆಯೇ ಟ್ಯಾಂಕರ್ ಬರುತ್ತದೆ. ಇವತ್ತಿನ ಟ್ಯಾಂಕರ್ ನೀರು ಎಲ್ಲಿಯ ಬಾವಿಯದು, ನಾಳಿನದು ಎಲ್ಲಿಯದು, ಯಾರೂ ಹೇಳುವುದಿಲ್ಲ. ಮುರಕಲ್ಲಿನ ನೆಲದ ತೆರೆದ ಬಾವಿಯ ನೀರು ಮೆದು, ಆಮ್ಲದ ಕಡೆಗೆ ವಾಲಿದ್ದು. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ, 7 ಎಂದರೆ ತಟಸ್ಥ) 6ರ ಆಸುಪಾಸಿನಲ್ಲಿದ್ದರೆ ಅಚ್ಚರಿಯಿಲ್ಲ. ಆಳದ ಕೊಳವೆಬಾವಿಯ ನೀರು ಗಡುಸಾಗಿರಬಹುದು. ಉಳ್ಳಾಲ, ಬೆಂಗ್ರೆ, ಮಲ್ಪೆಯಂಥ ಕಡೆ ಮೇ ತಿಂಗಳಲ್ಲಿ ಬಾವಿಗೆ ಸಮುದ್ರದ ಉಪ್ಪು ಇಣುಕುತ್ತದೆ. ಜೂನ್ ಬಂದರೆ ಬಾವಿಯೆಲ್ಲ ಮಳೆ ನೀರು. ಅದು ತುಂಬಿದ ಮೇಲೆ ಸ್ವಚ್ಛವಾಗಲೆಂದು ಬ್ಲೀಚಿಂಗ್ ಪೌಡರ್ ಸುರಿಯುವುದೂ ನಮ್ಮ ಊರಿನ ವಾಡಿಕೆ. ಮನುಷ್ಯರಿಗೆ ಇದ್ಯಾವುದೂ ಅಷ್ಟಾಗಿ ತಿಳಿಯುವುದಿಲ್ಲ. ಕಿವಿರಿಗೆ ತಕ್ಷಣ ತಿಳಿಯುತ್ತದೆ.

ಆರಿಸುವ ಮೊದಲು ಅಳತೆಗೋಲು

ನೀರು ಕೆಟ್ಟಿತು ಎಂದಾಗ ಎರಡು ಬೇರೆ ಬೇರೆ ಸಂಗತಿಗಳು ಆಗಿರಬಹುದು. ನೀರಿಗೆ ವಿಷ ಸೇರಿರಬಹುದು: ಕ್ಲೋರಿನ್, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯ, ಆ ಅಮೋನಿಯವನ್ನು ಫಿಲ್ಟರಿನ ಬ್ಯಾಕ್ಟೀರಿಯ ಅರ್ಧ ಬದಲಿಸಿದಾಗ ಉಳಿಯುವ ನೈಟ್ರೈಟ್. ಅಥವಾ ನೀರಿನ ಗುಣ ಬದಲಾಗಿರಬಹುದು: ಪಿಎಚ್, ಗಡಸುತನ, ಕರಗಿರುವ ಲವಣ, ಉಷ್ಣತೆ. ವಿಷವನ್ನು ಬೇಗ ತೆಗೆಯಬೇಕು, ಗುಣವನ್ನು ನಿಧಾನವಾಗಿ ಸರಿಪಡಿಸಬೇಕು. ಮೀನು ತನ್ನ ಮೈಯ ಲವಣ ಮತ್ತು ನೀರಿನ ಸಮತೋಲವನ್ನು ಮುಖ್ಯವಾಗಿ ಕಿವಿರಿನಿಂದಲೇ ಕಾಯ್ದುಕೊಳ್ಳುತ್ತದೆ; ಹೊರಗಿನ ನೀರು ಬದಲಾದರೆ ಒಳಗೆ ಹೊಂದಿಕೊಳ್ಳಲು ಅದಕ್ಕೆ ಗಂಟೆಗಳು, ಎಷ್ಟೋ ಸಲ ದಿನಗಳೇ ಬೇಕು. ನಾನು ಕಂಡ ಮೀನಿನ ಸಾವುಗಳಲ್ಲಿ ಹೆಚ್ಚಿನವು ಈ ಎರಡನ್ನು ಅದಲುಬದಲು ಮಾಡಿಕೊಂಡದ್ದರಿಂದ ಆದವು. ಪಿಎಚ್ ಒಂದೇ ಗಂಟೆಯಲ್ಲಿ ಸರಿಮಾಡಲು ಹೋದವರೂ ಇದ್ದಾರೆ, ಕ್ಲೋರಿನ್ ತಾನಾಗಿ ಹೋಗಲಿ ಎಂದು ಬೆಳಗಿನವರೆಗೆ ಕಾದವರೂ ಇದ್ದಾರೆ.

ಹಾಗಾಗಿ ಯಾವುದೇ ಚಿಕಿತ್ಸೆಯನ್ನು ತೂಗುವಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಇದು ವಿಷವೋ ಗುಣವೋ ಎಂಬುದು. ಎರಡನೆಯದು, ಮೀನು ಆ ನೀರಿನಲ್ಲಿ ಎಷ್ಟು ಹೊತ್ತಿನಿಂದ ಇದೆ. ಒಂದು ಗಂಟೆಯಾಗಿದ್ದರೆ ಹಳೆಯ ಸ್ಥಿತಿಗೆ ಮರಳಿಸಬಹುದು. ಮೂರು ದಿನವಾಗಿದ್ದರೆ ಅದು ಹೊಸ ನೀರಿಗೆ ಅರ್ಧ ಒಗ್ಗಿಕೊಂಡಿರುತ್ತದೆ, ಈಗ ಮರಳಿಸುವುದೇ ಎರಡನೆಯ ಪೆಟ್ಟು. ಮೂರನೆಯದು, ಬದಲಿಸಲು ಕೈಯಲ್ಲಿರುವ ನೀರಿನ ಗುಣ ನಮಗೆ ಗೊತ್ತಿದೆಯೇ. ಆಮೇಲೆ ಟ್ಯಾಂಕಿನಲ್ಲಿ ಯಾವ ಮೀನು, ಗಿಡ ಇದೆಯೇ, ಫಿಲ್ಟರಿನ ಬ್ಯಾಕ್ಟೀರಿಯ ಈ ಚಿಕಿತ್ಸೆಯನ್ನು ತಾಳಿಕೊಳ್ಳುತ್ತದೆಯೇ ಎಂಬುದು. ಹಣ ಮತ್ತು ಹೊತ್ತು ಕೊನೆಗೆ ಬರುತ್ತವೆ, ಆದರೆ ಅವೂ ಲೆಕ್ಕಕ್ಕಿವೆ: ರಾತ್ರಿ ಹತ್ತು ಗಂಟೆಗೆ ಅಕ್ವೇರಿಯಂ ಅಂಗಡಿ ತೆರೆದಿರುವುದಿಲ್ಲ.

ಇದನ್ನೆಲ್ಲ ಯೋಚಿಸುವ ಮೊದಲೇ ಮಾಡಬೇಕಾದ ಕೆಲಸಗಳಿವೆ, ಅವುಗಳಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಏರ್ ಪಂಪನ್ನು ಜೋರಾಗಿ ಓಡಿಸಿ; ಪಂಪ್ ಇಲ್ಲದಿದ್ದರೆ ಚೆಂಬಿನಲ್ಲಿ ಟ್ಯಾಂಕಿನದೇ ನೀರು ಎತ್ತಿ ಒಂದಡಿ ಮೇಲಿನಿಂದ ಸುರಿಯುತ್ತಿರಿ. ನಮ್ಮ ಬೇಸಿಗೆಯ 30 ಡಿಗ್ರಿ ನೀರು ಹೆಚ್ಚೆಂದರೆ ಲೀಟರಿಗೆ 7.5 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, ಕಿವಿರು ಗಾಯಗೊಂಡ ಮೀನಿಗೆ ಅದು ಸಾಲದು. ದೀಪ ಆರಿಸಿ. ಒಂದೆರಡು ದಿನ ಆಹಾರ ಹಾಕಬೇಡಿ. ಹಸಿವಿನಿಂದ ಮೀನು ಸಾಯುವುದಿಲ್ಲ, ತಿನ್ನದೆ ಬಿಟ್ಟ ಆಹಾರ ಕೊಳೆತು ಅಮೋನಿಯವಾಗುತ್ತದೆ. ಫಿಲ್ಟರನ್ನು ನಳ್ಳಿಯ ಕೆಳಗೆ ತೊಳೆಯುವ ಕೆಲಸವಂತೂ ಈ ವಾರ ಬೇಡವೇ ಬೇಡ.

ವಿಷವೋ ಗುಣವೋ, ತಿಳಿಯುವುದು ಹೇಗೆ?

ಮೀನಿನ ಮೈಯೇ ಅರ್ಧ ಉತ್ತರ ಹೇಳುತ್ತದೆ. ನೀರು ಬದಲಿಸಿದ ಕೆಲವೇ ನಿಮಿಷಗಳಲ್ಲಿ ಎಲ್ಲ ಮೀನುಗಳೂ ಒಟ್ಟಿಗೆ ಗಾಜಿಗೆ ಬಡಿದುಕೊಳ್ಳುವಂತೆ ಓಡಾಡಿದರೆ, ಮೈಮೇಲೆ ಬಿಳಿ ಲೋಳೆ ಎದ್ದರೆ ಕ್ಲೋರಿನ್ ಎಂದೇ ಮೊದಲು ಸಂಶಯಪಡಬೇಕು. ಕಿವಿರು ಕೆಂಪಗೆ ಉರಿದಂತೆ ಕಂಡು ಮೀನು ಮೇಲ್ಮೈಯಲ್ಲಿ ತೇಕುತ್ತಿದ್ದರೆ ಅಮೋನಿಯ ಇರಬಹುದು. ಏರ್ ಪಂಪ್ ಜೋರಾಗಿ ಓಡುತ್ತಿದ್ದರೂ ತೇಕು ನಿಲ್ಲದೆ, ಕಿವಿರು ಕಂದುಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್. ಅದು ರಕ್ತದ ಹಿಮೋಗ್ಲೋಬಿನ್ನನ್ನೇ ಆಮ್ಲಜನಕ ಹೊರಲಾಗದಂತೆ ಮಾಡಿಬಿಡುತ್ತದೆ. ರೆಕ್ಕೆ ಮುಚ್ಚಿಕೊಂಡು ತಳದಲ್ಲಿ ಮಲಗಿದ್ದರೆ, ಆಗೊಮ್ಮೆ ಈಗೊಮ್ಮೆ ಚಿಮ್ಮಿದರೆ ಪಿಎಚ್ ಅಥವಾ ಲವಣದ ಏರುಪೇರು. ಮೋಲಿ ಇದ್ದವರು ಇನ್ನೊಂದನ್ನು ಗಮನಿಸಿ: ನಿಂತಲ್ಲೇ ನಿಂತು, ಮುಂದಕ್ಕೆ ಹೋಗದೆ, ಮೈಯನ್ನು ಮಾತ್ರ ಅತ್ತಿತ್ತ ತೂಗುತ್ತಿದ್ದರೆ ಆ ನೀರು ಅದಕ್ಕೆ ತೀರ ಮೆದು. ಬಾವಿ ನೀರಿನ ಟ್ಯಾಂಕುಗಳಲ್ಲಿ ಇದನ್ನು ಎಷ್ಟೋ ಕಡೆ ನೋಡಿದ್ದೇನೆ. ಖಾಯಿಲೆ ಎಂದುಕೊಂಡು ಅದಕ್ಕೆ ಔಷಧ ಸುರಿಯುವುದನ್ನು ಕಂಡರೆ ಸಂಕಟವಾಗುತ್ತದೆ.

ಉಳಿದರ್ಧಕ್ಕೆ ಪರೀಕ್ಷೆ ಬೇಕು. ಕಾಗದದ ಪಟ್ಟಿಗಳು ಅಗ್ಗ ಮತ್ತು ಸುಲಭ, ಆದರೆ ಮಳೆಗಾಲದ ನಮ್ಮ ತೇವದಲ್ಲಿ ಡಬ್ಬಿ ಒಮ್ಮೆ ತೆರೆದರೆ ಬೇಗ ಹಾಳಾಗುತ್ತವೆ. ಆಟಿಯಲ್ಲಿ (ಜುಲೈ-ಆಗಸ್ಟ್) ತೆರೆದ ಡಬ್ಬಿಯ ಪಟ್ಟಿಯನ್ನು ದೀಪಾವಳಿಗೆ ನಂಬಬೇಡಿ. ಹನಿ ಹಾಕಿ ಬಣ್ಣ ನೋಡುವ ಕಿಟ್ ಹೆಚ್ಚು ಕಾಲ ಬಾಳುತ್ತದೆ, ಹೆಚ್ಚು ನಂಬಿಕಸ್ಥ. ಎಲ್ಲ ಪರೀಕ್ಷೆಗಳಿರುವ ದೊಡ್ಡ ಪೆಟ್ಟಿಗೆಗೆ ಎರಡು ಸಾವಿರ ರೂಪಾಯಿಗೂ ಮೇಲಾಗುತ್ತದೆ. ಅಷ್ಟು ಹಣವಿಲ್ಲದಿದ್ದರೆ ಅಮೋನಿಯ ಮತ್ತು ಪಿಎಚ್ ಎರಡನ್ನೇ ಬಿಡಿಯಾಗಿ ಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುವ, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಅಮೋನಿಯವನ್ನಾಗಲಿ ಪಿಎಚ್ಚನ್ನಾಗಲಿ ಹೇಳುವುದಿಲ್ಲ. ಆದರೂ ಟ್ಯಾಂಕರ್ ನೀರನ್ನೇ ನಂಬಿರುವ ಮನೆಗೆ ನಾನು ಮೊದಲು ಕೊಳ್ಳಲು ಹೇಳುವುದು ಅದನ್ನೇ. ಹಳೆಯ ನೀರು 80 ತೋರಿಸಿ ಹೊಸದು 450 ತೋರಿಸಿದರೆ, ಸುರಿಯುವ ಮೊದಲೇ ಕೈ ತಡೆಯುತ್ತದೆ.

ಒಮ್ಮೆಗೇ ಹೆಚ್ಚು ನೀರು ಬದಲಿಸುವುದು

ಅರ್ಧ ಅಥವಾ ಅದಕ್ಕೂ ಹೆಚ್ಚು ನೀರನ್ನು ಒಟ್ಟಿಗೆ ಬದಲಿಸುವುದು ವಿಷಕ್ಕೆ ಅತ್ಯಂತ ವೇಗದ ಉತ್ತರ. ಮಕ್ಕಳು ಆಹಾರದ ಡಬ್ಬಿ ಪೂರ್ತಿ ಸುರಿದರು, ಯಾರೋ ಟ್ಯಾಂಕಿನ ಪಕ್ಕದಲ್ಲಿ ಕೀಟನಾಶಕ ಸಿಂಪಡಿಸಿದರು, ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ ಏರಿತು ಎಂದಾದರೆ ಇದೇ ದಾರಿ. ಖರ್ಚಿಲ್ಲ, ಫಿಲ್ಟರಿಗೂ ತೊಂದರೆಯಿಲ್ಲ. ಆದರೆ ಒಂದು ಷರತ್ತಿದೆ: ಒಳಗಿನ ನೀರು ಮತ್ತು ಸುರಿಯುವ ನೀರು ಪಿಎಚ್‌ನಲ್ಲಿ, ಲವಣದಲ್ಲಿ, ಉಷ್ಣತೆಯಲ್ಲಿ ಹತ್ತಿರ ಹತ್ತಿರ ಇರಬೇಕು, ಸುರಿಯುವ ನೀರಿನಲ್ಲಿ ಕ್ಲೋರಿನ್ ಇರಬಾರದು.

ಈ ಷರತ್ತು ಮೀರಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿಯ ಬಾವಿ ನೀರಿನ ಟ್ಯಾಂಕುಗಳಿಗೆ ಇದರಷ್ಟು ದೊಡ್ಡ ಅಪಾಯ ಬೇರೆಯಿಲ್ಲ. ನಮ್ಮ ಮೆದು ನೀರಿನಲ್ಲಿ ಕೆಎಚ್, ಅಂದರೆ ಆಮ್ಲವನ್ನು ತಡೆಯುವ ಕಾರ್ಬೊನೇಟಿನ ಬಲ, ಮೊದಲೇ ಕಡಿಮೆ. ಫಿಲ್ಟರಿನ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೇಟ್ ಮಾಡುತ್ತಾ ಆ ಕೆಎಚ್ಚನ್ನೂ ತಿಂದು ಮುಗಿಸುತ್ತದೆ. ಆವಿಯಾದಷ್ಟನ್ನೇ ತುಂಬಿಸುತ್ತ ತಿಂಗಳುಗಟ್ಟಲೆ ನೀರು ಬದಲಿಸದೆ ಬಿಟ್ಟರೆ ಪಿಎಚ್ 6ರಿಂದಲೂ ಕೆಳಗಿಳಿಯುತ್ತದೆ, ಬ್ಯಾಕ್ಟೀರಿಯದ ಕೆಲಸ ನಿಧಾನವಾಗುತ್ತದೆ, ಅಮೋನಿಯ ಸೇರುತ್ತಾ ಹೋಗುತ್ತದೆ. ಆದರೆ ಆಮ್ಲೀಯ ನೀರಿನಲ್ಲಿ ಅದರ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದು ಅಷ್ಟು ವಿಷವಲ್ಲ. ಹಾಗಾಗಿ ಮೀನು ಹೇಗೋ ಬದುಕಿಕೊಂಡಿರುತ್ತದೆ. ಒಂದು ದಿನ ಮನೆಯವರಿಗೆ ನೀರು ಹಳೆಯದಾಯಿತು ಎನಿಸಿ ಅರ್ಧಕ್ಕರ್ಧ ಗಡುಸು ನೀರು ಸುರಿಯುತ್ತಾರೆ, ಪಿಎಚ್ ಒಮ್ಮೆಗೇ ಏರುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ಅಮೋನಿಯದ ವಿಷಭಾಗ ಸುಮಾರು ಹತ್ತು ಪಟ್ಟಾಗುತ್ತದೆ. 6ರಿಂದ ಹಾರಿದರೆ ಇನ್ನೂ ಎಷ್ಟೋ ಪಟ್ಟು. ಮಣಿಪಾಲದ ಪರಿಚಯದ ಮನೆಯೊಂದರಲ್ಲಿ ಹೀಗೆಯೇ ಆಯಿತು. ಅಂಗೈಯಗಲದ ಏಂಜೆಲ್ ಮೀನುಗಳು ಟ್ಯಾಂಕರ್ ನೀರು ಬಿದ್ದ ಸಂಜೆ ಓರೆಯಾಗಿ ತೇಲತೊಡಗಿದವು. ಹೊಸ ನೀರು ಸಾಲದೆ ಹೋಯಿತೇನೋ ಎಂದು ಅವರು ಮತ್ತೆ ಅದೇ ನೀರನ್ನು ಹಾಕಿದರು. ಗಾಜಿನ ಹತ್ತಿರ ಕಣ್ಣಿಟ್ಟರೆ ಕಿವಿರಿನ ಮುಚ್ಚಳ ಮಿಡಿಯುವ ವೇಗವನ್ನು ಎಣಿಸಲಾಗುತ್ತಿರಲಿಲ್ಲ. ಹೊಸ ನೀರು ತನ್ನಷ್ಟಕ್ಕೆ ಚೆನ್ನಾಗಿಯೇ ಇತ್ತು, ಸುರಿದ ಪ್ರಮಾಣ ಹೆಚ್ಚಾಗಿತ್ತು.

ಆದ್ದರಿಂದ ನೀರಿನ ಪಿಎಚ್ 6.5ಕ್ಕಿಂತ ಕೆಳಗಿದ್ದು, ಪರೀಕ್ಷೆಯಲ್ಲಿ ಅಮೋನಿಯ ಇದೆ ಎಂದು ಕಾಣಿಸಿದರೆ ಈ ದಾರಿಯನ್ನು ಬಿಟ್ಟುಬಿಡಿ.

ಸ್ವಲ್ಪಸ್ವಲ್ಪವಾಗಿ, ದಿನದಿನವೂ

ದಿನಕ್ಕೆ ಹತ್ತರಿಂದ ಹದಿನೈದು ಶೇಕಡ ನೀರು ಬದಲಿಸುತ್ತ ಒಂದು ವಾರ, ಹತ್ತು ದಿನ ಹೋಗುವುದು. ಮೇಲೆ ಹೇಳಿದ ಹಳೆಯ ಟ್ಯಾಂಕಿಗೆ, ಉಪ್ಪಾದ ಬಾವಿ ನೀರಿನ ಪೆಟ್ಟಿಗೆ, ಮೂರು ನಾಲ್ಕು ದಿನದ ಹಿಂದೆಯೇ ಆದ ಏರುಪೇರಿಗೆ ಇದೇ ಸುರಕ್ಷಿತ. ತೊಂದರೆಯೆಂದರೆ ತಾಳ್ಮೆ ಬೇಕು, ದಿನವೂ ಮನೆಯಲ್ಲಿ ಒಬ್ಬರು ಇರಬೇಕು. ವಿಷ ತೀವ್ರವಾಗಿದ್ದರೆ ಇದರ ವೇಗ ಸಾಲದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಕಲ್ಲು ಮರಳು ಕಳೆದು ಸುಮಾರು 50 ಲೀಟರ್ ನೀರಿರುತ್ತದೆ. ಅಂದರೆ ದಿನಕ್ಕೆ ಅರ್ಧ ಬಾಲ್ದಿ ನೀರು ಸಾಕು, ಟ್ಯಾಂಕರ್ ಬರುವ ದಿನಗಳಲ್ಲೂ ಅಷ್ಟು ಹೊಂದಿಸಬಹುದು. ಆ ಬಾಲ್ದಿಯನ್ನು ಹಿಂದಿನ ದಿನವೇ ತುಂಬಿಸಿಟ್ಟು ಗಾಳಿ ಆಡಿಸಿ. ಬಾವಿ, ಕೊಳವೆಬಾವಿಗಳಿಂದ ಈಗಷ್ಟೇ ಎತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ; ಒಂದು ರಾತ್ರಿ ಗಾಳಿ ಆಡಿದ ಮೇಲೆ ಅದರ ಪಿಎಚ್ ಬೇರೆಯೇ ತೋರಿಸುತ್ತದೆ. ಅಳೆಯಬೇಕಾದದ್ದು ಆ ಎರಡನೆಯ ಅಂಕಿಯನ್ನು.

ಎರಡು ದಾರಿಗಳ ನಡುವೆ ನಿರ್ಧಾರಕ್ಕೆ ಬರಲಾಗದಿದ್ದರೆ, ಕಿಟ್ ಇಲ್ಲದಿದ್ದರೆ, ನನ್ನ ಒಲವು ಈ ಕಡೆಗೆ. ಮೀನು ನಿಮಿಷಗಳ ಲೆಕ್ಕದಲ್ಲಿ ಸಾಯುತ್ತಿದ್ದರೆ ಮಾತ್ರ ದೊಡ್ಡ ಬದಲಾವಣೆ.

ಬಾಟಲಿಯ ಔಷಧಗಳು

ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಸಿಗುವ ಚಿಕ್ಕ ಬಾಟಲಿಯಲ್ಲಿ ಇರುವುದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್. ಹಿಂದೆ ಫೋಟೊ ಸ್ಟುಡಿಯೋಗಳಲ್ಲಿ ಹೈಪೋ ಎನ್ನುತ್ತಿದ್ದ ಹರಳು ಇದೇ. ಕ್ಲೋರಿನ್ನಿಗೆ ಇದಕ್ಕಿಂತ ಅಗ್ಗದ, ತಕ್ಷಣದ ಪರಿಹಾರವಿಲ್ಲ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ 50 ಲೀಟರ್ ನೀರಿಗೆ ಅರ್ಧ ಗ್ರಾಂ ಹೈಪೋ ಬೇಕಾದಷ್ಟಾಯಿತು. ನಳ್ಳಿ ನೀರನ್ನೇ ಬಳಸುವ ಮನೆಯಲ್ಲಿ ಇದು ಸದಾ ಇರಬೇಕು. ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಯ ನೀರಿಗೆ ಮಾತ್ರ ಇದನ್ನು ನಂಬಿ ಕೂರಬೇಡಿ. ಅಲ್ಲಿ ಕ್ಲೋರಿನ್ ಎಷ್ಟಿದೆ ಎಂಬ ಅಂದಾಜೇ ಇರುವುದಿಲ್ಲ, ವಾಸನೆ ಪೂರ್ತಿ ಹೋಗುವವರೆಗೆ ಆ ನೀರನ್ನು ಮುಟ್ಟದಿರುವುದು ಲೇಸು.

ಅಮೋನಿಯವನ್ನೂ ಕಟ್ಟಿಹಾಕುತ್ತದೆ ಎನ್ನುವ ದುಬಾರಿ ಕಂಡಿಷನರ್‌ಗಳು ಇನ್ನೊಂದು ಬಗೆ. ರಾತ್ರಿ ಕಳೆಯಲು, ಅಥವಾ ನೀರೇ ಸಿಗದ ಎರಡು ದಿನ ದಾಟಿಸಲು ಇವು ಬೇಕಾಗಬಹುದು. ಅಮೋನಿಯದ ಮೂಲ ಹಾಗೆಯೇ ಉಳಿದಿದ್ದರೆ ಅವುಗಳ ಪ್ರಯೋಜನ ತಾತ್ಕಾಲಿಕ. ಎರಡೂ ಬಗೆಯ ಔಷಧವನ್ನು ಬೇಕಾಬಿಟ್ಟಿ ಸುರಿದರೆ ನೀರಿನ ಆಮ್ಲಜನಕ ಕಡಿಮೆಯಾಗಬಹುದು, ಏರ್ ಪಂಪ್ ಓಡುತ್ತಿರಲಿ. ಜಿಯೊಲೈಟ್ ಕಲ್ಲು ಅಮೋನಿಯವನ್ನು ಹೀರುತ್ತದೆ, ಆದರೆ ಉಪ್ಪು ಸೇರಿದರೆ ಹೀರಿದ್ದನ್ನು ಮರಳಿ ಬಿಡುತ್ತದೆ. ಎರಡನ್ನೂ ಒಟ್ಟಿಗೆ ಬಳಸಬಾರದು. ಸಕ್ರಿಯ ಇದ್ದಿಲು (ಆಕ್ಟಿವೇಟೆಡ್ ಕಾರ್ಬನ್) ಕ್ಲೋರಿನ್ನನ್ನೂ ಔಷಧದ ಬಣ್ಣವನ್ನೂ ಹೀರುತ್ತದೆ, ಅಮೋನಿಯಕ್ಕೆ ಉಪಯೋಗವಿಲ್ಲ.

ನೀಲಿ ಔಷಧದ, ಅಂದರೆ ಮಿಥಿಲೀನ್ ಬ್ಲೂ ವಿಷಯದಲ್ಲಿ ಸ್ಪಷ್ಟವಾಗಿರೋಣ. ನೈಟ್ರೈಟ್ ಏಟು ತಿಂದ ಮೀನಿಗೆ ಅದು ನಿಜವಾಗಿಯೂ ನೆರವಾಗುತ್ತದೆ, ರಕ್ತವನ್ನು ಮತ್ತೆ ಆಮ್ಲಜನಕ ಹೊರುವಂತೆ ಮಾಡುತ್ತದೆ. ಆದರೆ ಅದನ್ನು ಮುಖ್ಯ ಟ್ಯಾಂಕಿಗೆ ಸುರಿದರೆ ಫಿಲ್ಟರಿನ ಬ್ಯಾಕ್ಟೀರಿಯಕ್ಕೆ ಹಾನಿಯಾಗುತ್ತದೆ, ಮುಂದಿನ ವಾರ ಮತ್ತೆ ಅಮೋನಿಯ. ಬೇರೆ ಪಾತ್ರೆಯಲ್ಲಿ ಮಾತ್ರ ಬಳಸಿ.

ಉಪ್ಪು

ಉಪ್ಪು ಎಲ್ಲರ ಮನೆಯಲ್ಲಿದೆ, ಅದಕ್ಕೇ ಎಲ್ಲ ರೋಗಕ್ಕೂ ಅದನ್ನೇ ಹೇಳುತ್ತಾರೆ. ಅದು ನಿಜವಾಗಿ ಕೆಲಸ ಮಾಡುವುದು ಎರಡು ಕಡೆ. ನೈಟ್ರೈಟ್ ಇದ್ದಾಗ ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ಏಟು ತಿಂದ ಮೀನು ಮೈಯ ಲವಣ ಕಳೆದುಕೊಳ್ಳುತ್ತಿರುವಾಗ ಹೊರಗಿನ ನೀರಿನಲ್ಲಿ ಸ್ವಲ್ಪ ಉಪ್ಪಿದ್ದರೆ ಅದರ ಶ್ರಮ ಕಡಿಮೆಯಾಗುತ್ತದೆ. ಲೀಟರಿಗೆ 1 ಗ್ರಾಂ, ಅಂದರೆ 50 ಲೀಟರಿಗೆ 50 ಗ್ರಾಂ ಕಲ್ಲುಪ್ಪನ್ನು ಟ್ಯಾಂಕಿನ ನೀರಿನಲ್ಲೇ ಕರಗಿಸಿ, ಮೂರು ಕಂತಿನಲ್ಲಿ ಹಾಕಿ. ಗಪ್ಪಿ, ಮೋಲಿ, ಗೋಲ್ಡ್ ಫಿಶ್ ಇದನ್ನು ಆರಾಮವಾಗಿ ತಾಳುತ್ತವೆ. ಕೋರಿಡೊರಾಸ್, ಲೋಚ್, ಟೆಟ್ರಾಗಳ ಟ್ಯಾಂಕಿನಲ್ಲಿ ಇದರ ಅರ್ಧಕ್ಕಿಂತ ಹೆಚ್ಚು ಬೇಡ. ಗಿಡಗಳಿದ್ದರೆ ಸೊರಗುತ್ತವೆ. ಬಾವಿಗೆ ಉಪ್ಪು ನೀರು ಬಂದು ಆದ ತೊಂದರೆಗೆ ಮತ್ತೆ ಉಪ್ಪು ಹಾಕುವುದರಲ್ಲಿ ಅರ್ಥವಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ, ಆದರೆ ಮೀಟರ್ ಇಲ್ಲದ ಮನೆಯಲ್ಲಿ ಅದೇ ಆಗುತ್ತದೆ. ಉಪ್ಪು ಆವಿಯಾಗಿ ಹೋಗುವುದಿಲ್ಲ, ನೀರು ಬದಲಿಸಿದಾಗಲೇ ಹೋಗಬೇಕು.

ಅಡುಗೆ ಸೋಡ, ಚಿಪ್ಪು, ಬಾದಾಮಿ ಎಲೆ

ಪಿಎಚ್ ಕುಸಿದ ಟ್ಯಾಂಕನ್ನು ಎತ್ತಲು ಇಬ್ಬರು ಸ್ಪರ್ಧಿಗಳಿದ್ದಾರೆ. ಅಡುಗೆ ಸೋಡ ಬೇಗ ಕೆಲಸ ಮಾಡುತ್ತದೆ: 5 ಗ್ರಾಂನ ಒಂದು ಟೀ ಚಮಚ 50 ಲೀಟರಿನ ಕೆಎಚ್ಚನ್ನು ಮೂರು ಡಿಗ್ರಿಗೂ ಹೆಚ್ಚು ಏರಿಸುತ್ತದೆ. ಬೇಗ ಎಂಬುದೇ ಅದರ ದೋಷ. ದಿನಕ್ಕೆ ಕಾಲು ಚಮಚ ಮೀರಬೇಡಿ, ಅಮೋನಿಯ ಇರುವಾಗ ಮುಟ್ಟಲೇಬೇಡಿ, ಬಟ್ಟೆ ಸೋಡವನ್ನೂ ಬೇಕಿಂಗ್ ಪೌಡರನ್ನೂ ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ವೀಳ್ಯದ ಸುಣ್ಣ ಹಾಕುವವರೂ ಇದ್ದಾರೆ. ಅದು ಪಿಎಚ್ಚನ್ನು ಎಲ್ಲಿಗೆ ಒಯ್ದು ನಿಲ್ಲಿಸುತ್ತದೆಂದು ಹೇಳಲಾಗದು.

ಚಿಪ್ಪಿನದು ನಿಧಾನದ ದಾರಿ, ನಮ್ಮ ಊರಿಗೆ ಹೇಳಿ ಮಾಡಿಸಿದ ದಾರಿ. ಮರುವಾಯಿ (ಕಪ್ಪೆಚಿಪ್ಪು) ಸಾರು ಮಾಡಿದ ದಿನ ಚಿಪ್ಪನ್ನು ಎಸೆಯಬೇಡಿ. ಮಾಂಸದ ಚೂರು ಒಂದಿಷ್ಟೂ ಉಳಿಯದಂತೆ ಕೆರೆದು, ಮತ್ತೆ ಕುದಿಸಿ, ಬಿಸಿಲಿಗೆ ಒಣಗಿಸಿ, ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವ ಜಾಗದಲ್ಲಿ ಇಡಿ. ನೀರು ಆಮ್ಲೀಯವಾದಷ್ಟೂ ಅದು ಬೇಗ ಕರಗುತ್ತದೆ, ತಟಸ್ಥವಾದಂತೆ ಕರಗುವುದು ನಿಧಾನವಾಗುತ್ತದೆ, ಹಾಗಾಗಿ ಮಿತಿಮೀರುವ ಭಯ ಕಡಿಮೆ. ಕೆಲವು ತಿಂಗಳ ಮೇಲೆ ಚೀಲ ಬಿಚ್ಚಿ ನೋಡಿದರೆ ಚಿಪ್ಪಿನ ಮೇಲಿದ್ದ ಗೀರುಗಳು ನುಣುಪಾಗಿ, ಅಂಚು ತೆಳುವಾಗಿ, ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ಅಷ್ಟೂ ನೀರಿಗೆ ಸೇರಿದೆ ಎಂದರ್ಥ. ಆ ರಾತ್ರಿಯ ಅಪಾಯಕ್ಕೆ ಇದು ಉಪಯೋಗಕ್ಕೆ ಬಾರದು; ಮುಂದಿನ ಕುಸಿತವನ್ನು ತಡೆಯಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬೆಟ್ಟಾ, ಟೆಟ್ರಾಗಳಂತೆ ಮೆದು ನೀರನ್ನೇ ಬಯಸುವ ಮೀನಿಗೆ ಹಿಡಿಯ ಬದಲು ಎರಡು ಮೂರು ಚಿಪ್ಪು ಸಾಕು.

ಕಾಡುಬಾದಾಮಿಯ ಒಣ ಎಲೆಯದು ಇದಕ್ಕೆ ವಿರುದ್ಧ ದಿಕ್ಕು, ಅದು ನೀರನ್ನು ಸ್ವಲ್ಪ ಆಮ್ಲದ ಕಡೆಗೆ ಒಯ್ಯುತ್ತದೆ. ಕೊಳವೆಬಾವಿಯ ಗಡುಸು ನೀರಿನಲ್ಲಿ ಚೇತರಿಸಿಕೊಳ್ಳುತ್ತಿರುವ ಬೆಟ್ಟಾಕ್ಕೆ ಒಳ್ಳೆಯದು. ಕೆಎಚ್ ಇಲ್ಲದ ಬಾವಿ ನೀರಿನಲ್ಲಿ ಹಾಕಿದರೆ ಕುಸಿತಕ್ಕೆ ಇನ್ನೊಂದು ನೂಕು.

ಬೇರೆ ಪಾತ್ರೆಗೆ ಸ್ಥಳಾಂತರ

ಟ್ಯಾಂಕಿನಲ್ಲಿ ವಿಷವಿದ್ದು ಮೀನು ಕಡಿಮೆಯಿದ್ದರೆ, ಅಥವಾ ಒಂದೇ ಬೆಲೆಬಾಳುವ ಮೀನಿದ್ದರೆ ಎತ್ತಿ ಬೇರೆ ಕಡೆ ಇಡುವುದು ಸರಿ. ಸೋಪು ಕಾಣದ 20 ಲೀಟರಿನ ಬಾಲ್ದಿ, ಗಾಳಿ ಆಡಿಸಿದ ನೀರು, ಮೇಲೆ ಮುಚ್ಚಳ, ಇಷ್ಟು ಸಾಕು. ಕ್ಲೋರಿನ್ ಅಥವಾ ಅಮೋನಿಯದಿಂದ ಎತ್ತುವಾಗ ಹೊಂದಿಸುತ್ತ ಕೂರಬೇಡಿ, ಪಿಎಚ್ ಹತ್ತಿರವಿದ್ದರೆ ನೇರ ಒಳ್ಳೆಯ ನೀರಿಗೆ ಬಿಡಿ. ಮರಳಿ ತರುವಾಗ ಮಾತ್ರ ನಿಧಾನ: ಏರ್ ಪಂಪಿನ ತೆಳು ಪೈಪಿಗೆ ಒಂದು ಸಡಿಲ ಗಂಟು ಹಾಕಿ, ಟ್ಯಾಂಕಿನ ನೀರು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬಾಲ್ದಿಗೆ ಬೀಳುವಂತೆ ಗಂಟನ್ನು ಬಿಗಿ ಮಾಡಿ. ಗಂಟೆಗೆ ಅರ್ಧ ಲೀಟರಿನಷ್ಟು ಬರುತ್ತದೆ. ಬಾಲ್ದಿಯ ನೀರನ್ನು ಎರಡು ಲೀಟರಿಗೆ ಇಳಿಸಿಕೊಂಡು ಆರಂಭಿಸಿದರೆ ನಾಲ್ಕು ಗಂಟೆಯಲ್ಲಿ ನೀರು ಅರ್ಧಕ್ಕರ್ಧ ಬೆರೆಯುತ್ತದೆ. ಇಡೀ ಟ್ಯಾಂಕೇ ಮೀನಿನಿಂದ ತುಂಬಿರುವಾಗ, ಬರೀ ಪಿಎಚ್ ಏರುಪೇರಾಗಿರುವಾಗ ಸ್ಥಳಾಂತರ ಬೇಡ. ಬಲೆಯಲ್ಲಿ ಅಟ್ಟಿಸಿಕೊಂಡು ಹೋಗುವುದೇ ಬಳಲಿದ ಮೀನಿಗೆ ದೊಡ್ಡ ಪೆಟ್ಟು. ಬಾಲ್ದಿಯಲ್ಲಿ ಫಿಲ್ಟರ್ ಇಲ್ಲದಿರುವುದರಿಂದ ದಿನವೂ ಅರ್ಧ ನೀರು, ಅದೇ ಗುಣದ್ದು, ಬದಲಿಸಬೇಕು.

ಸುಮ್ಮನಿರುವುದು

ಇದನ್ನೂ ಒಂದು ಆಯ್ಕೆಯೆಂದೇ ಎಣಿಸಬೇಕು. ಏರುಪೇರಾಗಿ ಎರಡು ಮೂರು ದಿನ ಕಳೆದಿದೆ, ಅಮೋನಿಯ ಸೊನ್ನೆ, ಮೀನು ಮಂಕಾಗಿದ್ದರೂ ಉಸಿರಾಟ ಸಮನಾಗಿದೆ ಎಂದಾದರೆ ಗಾಳಿ, ಕತ್ತಲು, ಉಪವಾಸ ಬಿಟ್ಟು ಬೇರೇನೂ ಮಾಡಬೇಡಿ. ಹಿರಿಯರ ಮಾತು ಇಲ್ಲಿ ನಿಜ. ಸುಮ್ಮನಿರುವುದೆಂದರೆ ನೋಡದಿರುವುದಲ್ಲ: ಪೆಟ್ಟು ತಿಂದ ಮೀನಿಗೆ ಒಂದು ವಾರದ ನಂತರ ರೆಕ್ಕೆ ಕೊಳೆಯುವುದು, ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಏಳುವುದು ಸಾಮಾನ್ಯ. ಬೆಳಿಗ್ಗೆ ದೀಪ ಹಾಕಿದ ಕೂಡಲೆ ಐದು ನಿಮಿಷ ನೋಡಿ.

ಯಾರು ಏನು ಆರಿಸಿಕೊಳ್ಳಬಹುದು

ನಳ್ಳಿ ನೀರಿನ ಫ್ಲಾಟಿನಲ್ಲಿ ಗೋಲ್ಡ್ ಫಿಶ್, ಗಪ್ಪಿ ಸಾಕುವವರಿಗೆ ಆಂಟಿ ಕ್ಲೋರಿನ್ ಮತ್ತು ಕಲ್ಲುಪ್ಪು ಇದ್ದರೆ ಹೆಚ್ಚಿನ ರಾತ್ರಿಗಳು ದಾಟುತ್ತವೆ. ಬಾವಿ ನೀರಿನ ಮನೆಯವರು ಪಿಎಚ್ ಕಿಟ್ ಮತ್ತು ಚಿಪ್ಪಿನ ಚೀಲಕ್ಕೆ ಮೊದಲ ಸ್ಥಾನ ಕೊಡಲಿ, ನೀರನ್ನು ಸಣ್ಣ ಪ್ರಮಾಣದಲ್ಲೇ ಬದಲಿಸಲಿ. ಮಳೆ ನೀರನ್ನು ಸಂಗ್ರಹಿಸುವವರು ಅದೊಂದನ್ನೇ ತುಂಬಿಸಬಾರದು, ಅದರಲ್ಲಿ ಕೆಎಚ್ ಇಲ್ಲವೇ ಇಲ್ಲ. ಉಪ್ಪಾದ ಅಥವಾ ಗಡುಸಾದ ನೀರನ್ನು ಹದಕ್ಕೆ ತರಲು ಬೆರೆಸಿದರೆ ಮಾತ್ರ ಅದು ಬಿಟ್ಟಿ ಸಿಗುವ ಔಷಧ. ಮನೆಯ ಆರ್‌ಒ ನೀರಿಗೂ ಇದೇ ಮಾತು. ಅರೋವಾನ, ಫ್ಲವರ್ ಹಾರ್ನ್‌ನಂಥ ಬೆಲೆಯ ಮೀನು ಇಟ್ಟವರು ಕಿಟ್‌ಗೆ ಹಣ ಉಳಿಸಲು ನೋಡಬಾರದು. ಕರೆಂಟ್ ಹೋಗುವ ಗಾಳಿಮಳೆಯ ದಿನಗಳಿಗಾಗಿ ಬ್ಯಾಟರಿ ಏರ್ ಪಂಪ್ ಒಂದನ್ನು ಎಲ್ಲರೂ ಇಟ್ಟುಕೊಳ್ಳಬಹುದು.

ಒಂದೇ ವಸ್ತುವಿಗೆ ಹಣ ಹೊಂದುವುದಾದರೆ ನಾನು ಮುಚ್ಚಳವಿರುವ 100 ಲೀಟರಿನ ಪ್ಲಾಸ್ಟಿಕ್ ಡ್ರಮ್ ತೆಗೆದುಕೊಳ್ಳಿ ಎನ್ನುತ್ತೇನೆ. ಟ್ಯಾಂಕರ್ ಬಂದ ದಿನ ಅದನ್ನು ತುಂಬಿಸಿ, ಒಂದು ಏರ್ ಸ್ಟೋನ್ ಇಳಿಬಿಡಿ, ಮರುದಿನ ಸಂಜೆ ಅಳೆಯಿರಿ. ಅಂಕಿ ಟ್ಯಾಂಕಿನದಕ್ಕೆ ಹತ್ತಿರವಿದ್ದರೆ ಬಳಸಿ. ದೂರವಿದ್ದರೆ ಅರ್ಧ ಬಾಲ್ದಿಗಿಂತ ಹೆಚ್ಚು ಹಾಕಬೇಡಿ, ಮುಂದಿನ ಅರ್ಧ ಬಾಲ್ದಿ ನಾಳೆ.